ಕೆಳಗೆ ನಿಂತು ಎಳೆದ ಗೆರೆ

ಪ್ಲೇನ್ಸ್‌ಬರೋದಿಂದ ಎಡಿಸನ್ ತನಕ ನೀವು ಯಾವ ಅಂಗಡಿಯ ಮುಂದೆ ಕಾರು ನಿಲ್ಲಿಸಿದರೂ, ಬಹಳ ಮಟ್ಟಿಗೆ ಸುಧಾಕರನ ಎರಡು ಗೆರೆಗಳ ನಡುವೆಯೇ ನಿಲ್ಲಿಸಿರುತ್ತೀರಿ. ಪಾರ್ಕಿಂಗ್ ಲಾಟಿಗೆ ಗೆರೆ ಎಳೆಯುವುದು ಅವನ ಕಸುಬು. ಒಂದು ಗೆರೆ ನಾಲ್ಕು ಇಂಚು ಅಗಲ, ಹದಿನೆಂಟು ಅಡಿ ಉದ್ದ. ಹತ್ತೊಂಬತ್ತು ವರ್ಷಗಳಲ್ಲಿ ಅವನು ಎಳೆದದ್ದನ್ನೆಲ್ಲ ಸಾಲಾಗಿ ಜೋಡಿಸಿದರೆ ಬ್ರಹ್ಮಾವರ ದಾಟಿ ಮುಂದೆ ಹೋಗುತ್ತದೆ ಎಂದು ಅವನ ಹೆಂಡತಿ ಜಲಜಾಕ್ಷಿ ಹೇಳುತ್ತಾಳೆ. ಬ್ರಹ್ಮಾವರ ಅವನ ಊರು. ಅಲ್ಲಿಂದ ಈ ದೇಶಕ್ಕೆ ಬಂದವನು ಮೊದಲು ಬೆಲ್‌ರೋಸ್‌ನ ಹೋಟೆಲೊಂದರಲ್ಲಿ ಏಳು ವರ್ಷ ದೋಸೆ ಹುಯ್ದ. ಅಲ್ಲಿ ದಿನಾ ಮಸಾಲೆ ದೋಸೆಗೆ ಬರುತ್ತಿದ್ದ ಫ್ರ್ಯಾಂಕ್ ಎಂಬ ಮುದುಕ ಇವನ ದೋಸೆಯ ದುಂಡು ನೋಡಿ, ಈ ಕೈ ಕಾವಲಿಯ ಮೇಲೆ ವ್ಯರ್ಥವಾಗುತ್ತಿದೆ ಎಂದು ತನ್ನ ಗೆರೆ ಎಳೆಯುವ ಮಷೀನಿನ ಹಿಂದೆ ಕರೆದುಕೊಂಡು ಹೋದ.

ಸುಧಾಕರನಿಗೆ ಕೋಪ ಹೆಚ್ಚು. ಗೆರೆ ಮೆಟ್ಟಿ ಕಾರು ನಿಲ್ಲಿಸಿದವರನ್ನು ಕಂಡರೆ ಅವನ ಕಿವಿ ಕೆಂಪಾಗುತ್ತದೆ. ಆದರೆ ನಾನು ಹೇಳಹೊರಟಿರುವ ಕೋಪ ಆ ಜಾತಿಯದಲ್ಲ.

ಈಚಿನ ವರ್ಷಗಳಲ್ಲೊಮ್ಮೆ, ಪೆರು ದೇಶದ ನಾಸ್ಕಾ ಮರುಭೂಮಿಯಲ್ಲಿ ಮುನ್ನೂರಕ್ಕೂ ಹೆಚ್ಚು ಹಳೆಯ ನೆಲಚಿತ್ರಗಳು ಹೊಸದಾಗಿ ಸಿಕ್ಕವು ಎಂಬ ಸುದ್ದಿ ಬಂತಲ್ಲ, ಆಗಿನ ಮಾತು. ಸುದ್ದಿಯನ್ನು ಮಗಳು ಅಕ್ಷಿತಾ ಅಪ್ಪನಿಗೆ ಓದಿ ಹೇಳಿದ್ದಳು. ಎರಡು ಸಾವಿರ ವರ್ಷದ ಹಿಂದೆ ಯಾರೋ ನೆಲದ ಕಪ್ಪು ಕಲ್ಲು ಸರಿಸಿ, ಕೆಳಗಿನ ಬಿಳಿ ಮಣ್ಣು ಕಾಣಿಸಿ, ಮನುಷ್ಯರನ್ನೂ ಪ್ರಾಣಿಗಳನ್ನೂ ಬರೆದಿದ್ದರು. ಕತ್ತಿ ಹಿಡಿದ ತಿಮಿಂಗಿಲವೂ ಒಂದಿತ್ತು. ಹೊಸದಾಗಿ ಸಿಕ್ಕವುಗಳಲ್ಲಿ ಹೆಚ್ಚಿನವು ಚಿಕ್ಕವು, ಕಾಲುದಾರಿಗಳ ಬದಿಯಲ್ಲೇ ಇದ್ದವು. ನಡೆದು ಹೋಗುವವರು ನೋಡಲೆಂದೇ ಬರೆದಿರಬೇಕು ಎಂದು ಪಂಡಿತರ ಊಹೆ. ಸುಧಾಕರ ಊಟ ಬಿಟ್ಟು ಎದ್ದು ನಿಂತ. "ನೋಡು ಮಾರಾಯ್ತಿ," ಎಂದ ಹೆಂಡತಿಗೆ, "ದಾರಿಯಲ್ಲಿ ಹೋಗುವವರಿಗೆ ನೆಲದಲ್ಲಿ ಬರೆದು ಹೇಳುವುದು. ನಮ್ಮದೇ ಕೆಲಸ!" ಅವತ್ತಿನಿಂದ ಆ ಜನ ಅವನಿಗೆ ನೆಂಟರಾದರು.

ಇನ್ನು ಡಾಕ್ಟರ್ ಅಮರೇಶ್ವರ ಅವರು. ನಮ್ಮ ಕನ್ನಡ ಬಳಗದ ಅಧ್ಯಕ್ಷರು, ಗದಗ ಕಡೆಯವರು. ಜನರಿಗೆ ಅರಿವಳಿಕೆ ಕೊಡುವುದು ಅವರ ವೃತ್ತಿ. ಭಾಷಣ ಅವರ ಪ್ರವೃತ್ತಿ. ಎರಡರ ಪರಿಣಾಮ ಒಂದೇ. ತಿಂಗಳಿಗೊಮ್ಮೆ ಬಳಗದ ಹಾಲಿನಲ್ಲಿ 'ಜ್ಞಾನಸಂಜೆ' ನಡೆಸುತ್ತಾರೆ. ಆ ಅಕ್ಟೋಬರ್‌ನ ವಿಷಯ ಮರುಭೂಮಿಯ ಚಿತ್ರಗಳು.

ಅಕ್ಷಿತಾ ಆ ಸಲ ಹನ್ನೆರಡನೇ ಕ್ಲಾಸು. ಡಾಕ್ಟರಿಕೆಗೆ ನೇರ ಸೇರಿಸಿಕೊಳ್ಳುವ ಒಂದು ಕೋರ್ಸಿಗೆ ಅರ್ಜಿ ಹಾಕಿದ್ದಳು. ಅದಕ್ಕೆ ಒಬ್ಬ ಡಾಕ್ಟರರ ಶಿಫಾರಸು ಪತ್ರ ಇದ್ದರೆ ಅರ್ಧ ಒಳಗೆ ಹೋದಂತೆ ಎಂದು ಪ್ಲೇನ್ಸ್‌ಬರೋದ ಅಪ್ಪಅಮ್ಮಂದಿರೆಲ್ಲ ನಂಬಿದ್ದಾರೆ. ಬೇಸಗೆ ಪೂರ್ತಿ ಅವಳು ಅಮರೇಶ್ವರ ಅವರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡಿದ್ದೇ ಆ ಪತ್ರಕ್ಕಾಗಿ. ಪತ್ರ ತಲುಪಿಸಲು ಕೊನೆಯ ದಿನ ನವೆಂಬರ್ ಒಂದು. ಆದ್ದರಿಂದ ಜ್ಞಾನಸಂಜೆಗೆ ಹೊರಡುವಾಗ ಕಾರಿನಲ್ಲೇ ಅಪ್ಪನಿಂದ ಮಾತು ತೆಗೆದುಕೊಂಡಿದ್ದಳು: "ಅಪ್ಪಾ, ಪ್ರಾಮಿಸ್ ಮಿ. ನೋ ಆರ್ಗ್ಯುಮೆಂಟ್ಸ್ ಟಿಲ್ ಹಿ ಅಪ್‌ಲೋಡ್ಸ್ ದ ಲೆಟರ್."

ಭಾಷಣ ಶುರುವಾಯಿತು.

"ನೋಡ್ರಿ, ಈ ಚಿತ್ರ ಹುಡುಕಿದ್ದು ಎಐ," ಎಂದರು ಡಾಕ್ಟರು. "ನಮ್ಮ ಕಣ್ಣಿಗೆ ಕಾಣದ್ದು ಎಐಗೆ ಕಂಡದ. ಅಂದಮ್ಯಾಲ ಬರೆಸಿದವರು ಎಂಥಾ ಬುದ್ಧಿವಂತರಿರಬೇಕು? ಮ್ಯಾಲೆ ನಿಂತು ನೋಡದ ಇವನ್ನ ಬರೀಲಿಕ್ಕೆ ಆಗೂದೇ ಇಲ್ರಿ. ಮ್ಯಾಲೆ ಯಾರೋ ಇದ್ರು. ನಮ್ಮ ಋಷಿಗಳೇ ಯಾಕಿರಬಾರದು? ಅವರು ಪೆರುವಿಗೆ ಹೋಗಿರಲಿಲ್ಲ ಅಂತ ಯಾರರ ಪ್ರೂವ್ ಮಾಡ್ಯಾರೇನು? ಇನ್ನ, ಕೆಳಗ ಕಲ್ಲು ಸರಿಸಿದವರು ಬರೇ ಲೇಬರ್. ತಾವೇನು ಮಾಡಾಕತ್ತೀವಿ ಅನ್ನೋದೂ ಅವರಿಗೆ ಗೊತ್ತಿರಲಿಲ್ಲ."

ಸುಧಾಕರನ ಕಿವಿ ಕೆಂಪಾಯಿತು. ಕೈ ಮೇಲೆ ಹೋಯಿತು. ಅಕ್ಷಿತಾ ಅಂಗಿ ಜಗ್ಗಿದಳು. ಡಾಕ್ಟರು ಕೈಯನ್ನು ಕಂಡರು.

"ಹಾಂ, ಸುಧಾಕರ್, ಛಲೋ ಆತು. ಆ ಪ್ರೊಜೆಕ್ಟರ್ ವೈರ್ ಸ್ವಲ್ಪ ನೋಡ್ರಿ, ಸ್ಕ್ರೀನ್ ಬ್ಲಿಂಕ್ ಆಗಾಕತ್ತದ."

ಸುಧಾಕರ ಎದ್ದು ಹೋಗಿ, ನೆಲದ ಮೇಲೆ ಕೂತು, ವೈರ್ ಸರಿ ಮಾಡಿದ. ನಾವೆಲ್ಲ ಚಪ್ಪಾಳೆ ತಟ್ಟಿದೆವು, ಭಾಷಣಕ್ಕೆ.

ಆಮೇಲೆ ಅವನು ಸಮೋಸದ ತಟ್ಟೆ ಹಿಡಿದು ನನ್ನ ಹತ್ತಿರ ಬಂದು ಹಲ್ಲು ಕಚ್ಚಿಕೊಂಡೇ ಹೇಳಿದ: "ಎಐ ತೋರಿಸಿದ ಮೇಲೆ ಜನ ನಡೆದುಕೊಂಡು ಹೋಗಿ ನೋಡಿ, ಹೌದು ಅಂತ ಹೇಳಿದ್ದು ಗೊತ್ತುಂಟಾ ಇವರಿಗೆ? ಲೇಬರ್ ಅಂತೆ! ನೆಲದಲ್ಲಿ ಹಗ್ಗ ಹಿಡಿದು ಗೆರೆ ಎಳೆದವನಿಗೆ ಗೊತ್ತಿಲ್ಲದ್ದು ಆಕಾಶದಲ್ಲಿ ಕೂತವನಿಗೆ ಎಂತ ಗೊತ್ತು ಮಾರಾಯ್ರೆ?"

"ಹೇಳಬಹುದಿತ್ತಲ್ಲ," ಎಂದೆ. ಅವನು ಹೇಳದಿದ್ದುದರ ಕಾರಣ ನನಗೂ ಗೊತ್ತಿತ್ತು.

ಎರಡು ವಾರ ಅವನು ಬಾಯಿ ಮುಚ್ಚಿಕೊಂಡಿದ್ದ. ಅಷ್ಟರಲ್ಲಿ ಪತ್ರ ಬಂತು. ಇಂಥ ಪತ್ರವನ್ನು ಗುಟ್ಟಾಗಿ ಕಾಲೇಜಿಗೇ ಕಳಿಸಬೇಕು. ಆದರೆ ತಾವು ಬರೆದದ್ದನ್ನು ಗುಟ್ಟಾಗಿಡುವುದು ಡಾಕ್ಟರರ ಜಾಯಮಾನವಲ್ಲ. ಅಪ್‌ಲೋಡ್ ಮಾಡುವ ಮೊದಲೇ ಸುಧಾಕರನ ವಾಟ್ಸಾಪ್‌ಗೆ ಕಳಿಸಿ, 'ಹೆಂಗದ?' ಎಂದು ಕೇಳಿದ್ದರು. ಅಕ್ಷಿತಾಳ ಜಾಣತನ, ಶ್ರದ್ಧೆ ಎಲ್ಲವನ್ನೂ ಹೊಗಳಿದ್ದರು. ಮೂರನೇ ಪ್ಯಾರಾದಲ್ಲಿ ಹೀಗಿತ್ತು: ಈಕೆಯ ತಂದೆ ಪಾರ್ಕಿಂಗ್ ಲಾಟಿನ ಕೂಲಿಯವರು, ಇಂಥ ಮನೆಯಲ್ಲಿ ಇಂಥ ಪ್ರತಿಭೆ ತಾನಾಗಿ ಬರಲು ಸಾಧ್ಯವಿಲ್ಲ, ನನ್ನ ಮಾರ್ಗದರ್ಶನದಿಂದಲೇ ಈಕೆ ರೂಪುಗೊಂಡಳು.

ಜಲಜಾಕ್ಷಿ ಹೇಳುವ ಪ್ರಕಾರ ಅವನು ಕೂಗಲಿಲ್ಲ. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಕಾಗದ ತೆಗೆದುಕೊಂಡು ಚೌಕ ಚೌಕ ಗೀಚತೊಡಗಿದ.

ದೀಪಾವಳಿ ಕಾರ್ಯಕ್ರಮಕ್ಕೆ ಮೊದಲು ಬಳಗದ ಹಾಲಿನ ಹಿಂದಿನ ಲಾಟಿಗೆ ಹೊಸ ಗೆರೆ ಎಳೆದು ಕೊಡುವುದಾಗಿ ಅವನು ಒಪ್ಪಿಕೊಂಡಿದ್ದ, ಸೇವೆ ಎಂದು. ಶುಕ್ರವಾರ ಗೆರೆ ಎಳೆದ. ಶನಿವಾರ ಬೆಳಿಗ್ಗೆ ಬಣ್ಣ ಒಣಗಲಿ ಎಂದು ನಾಲ್ಕು ಕೋನ್ ಇಟ್ಟು ಯಾರೂ ಬರದಂತೆ ಮಾಡಿದ. ಬಣ್ಣ ಒಣಗಲು ಒಂದು ಗಂಟೆ ಸಾಕು ಎಂಬುದು ಬಳಗದಲ್ಲಿ ಅವನೊಬ್ಬನಿಗೇ ಗೊತ್ತು. ಕಾಗದದಲ್ಲಿದ್ದ ಒಂದೊಂದು ಚೌಕಕ್ಕೆ ನೆಲದಲ್ಲಿ ಒಂದೊಂದು ಪಾರ್ಕಿಂಗ್ ಚೌಕ ಆಗಲೇ ಸಿದ್ಧವಿತ್ತು. ನೀಲಿ ಚಾಕ್ ಪುಡಿಯ ಡಬ್ಬಿ ಹಿಡಿದು ಚೌಕದಿಂದ ಚೌಕಕ್ಕೆ ಹೋದ. ದುಂಡು ಬೇಕಾದಲ್ಲಿ ನಡುವೆ ಜಲಜಾಕ್ಷಿ ಹಗ್ಗದ ತುದಿ ಒತ್ತಿ ಹಿಡಿದು ಕೂತಳು, ಇವನು ಇನ್ನೊಂದು ತುದಿ ಹಿಡಿದು ಸುತ್ತು ಬಂದ. ಒಂದು ಸಲವೂ ಕುರ್ಚಿಯ ಮೇಲೂ ಹತ್ತಲಿಲ್ಲ.

"ಇದು ಎಂತ ಇಷ್ಟು ದೊಡ್ಡ ದುಂಡು?" ಎಂದು ಕೇಳಿದಳಂತೆ ಅವಳು.

"ಹೊಟ್ಟೆ. ನೀನು ಹೊಕ್ಕುಳಲ್ಲಿ ಕೂತಿದ್ದಿ. ಅಲ್ಲಾಡಬೇಡ."

ಮಧ್ಯಾಹ್ನ ಕಾರ್ಯಕ್ರಮ. ಡಾಕ್ಟರರ ಮಗ ಶಿವಕಿರಣ್ ಡ್ರೋನ್ ಹಾರಿಸಿ, ಹಾಲಿನ ಪರದೆಯ ಮೇಲೆ ನೇರ ಪ್ರಸಾರ ಮಾಡುವ ಏರ್ಪಾಡಿತ್ತು. ಮೊದಲು ಮರಗಳು ಕಂಡವು, ನಮ್ಮ ಕಾರುಗಳು ಕಂಡವು, ಆಮೇಲೆ ಹಿಂದಿನ ಲಾಟು. ಇಪ್ಪತ್ತನಾಲ್ಕು ಕಾರುಗಳ ಜಾಗದಲ್ಲಿ ಒಬ್ಬ ಮನುಷ್ಯ ಮಲಗಿದ್ದ. ಹೆಗಲ ಮೇಲೆ ಶಾಲು, ಕೈಯಲ್ಲಿ ಮೈಕು, ಹೊಟ್ಟೆ ಮೂರು ಚೌಕ ದಾಟಿತ್ತು, ಬಾಯಿ ಒಂದು ಹೋಂಡಾ ಹೊಗುವಷ್ಟು ತೆರೆದಿತ್ತು. ಯಾರೆಂದು ಯಾರೂ ಕೇಳಬೇಕಾಗಿರಲಿಲ್ಲ. ಆ ಬಾಯಿ ನಮಗೆಲ್ಲ ಪರಿಚಿತವೇ.

ಈ ಚಿತ್ರವನ್ನು ಮೇಲಿಂದ ಅದುವರೆಗೆ ಯಾರೂ ನೋಡಿರಲಿಲ್ಲ. ಬರೆದವನೂ ನೋಡಿರಲಿಲ್ಲ. ಸುಧಾಕರ ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಂತು, ಬರುವ ಸಿಡಿಲಿಗೆ ಕಾಯುತ್ತಿದ್ದ.

ಡಾಕ್ಟರು ಎದ್ದರು. ಕಣ್ಣಲ್ಲಿ ನೀರು.

"ಇಷ್ಟು ಪ್ರೀತಿ ಇಟ್ಟೀರಿ ಅಂತ ನನಗ ಗೊತ್ತಿರಲಿಲ್ರಿ," ಎಂದರು. "ನಾನೇನು ಮಾಡೇನಿ ಅಂತ ಇಷ್ಟು ದೊಡ್ಡ ಗೌರವ!"

ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಸುಧಾಕರನ ಮುಖದಲ್ಲಿ ಆಗ ಕಂಡದ್ದನ್ನು ಕೋಪ ಎಂದರೆ ಕಡಿಮೆಯಾದೀತು. ಒಬ್ಬ ಮನುಷ್ಯನನ್ನು ನಲವತ್ತು ಗಜ ಉದ್ದ ಬೈದರೂ ಅವನಿಗೆ ತಾಗಲಿಲ್ಲ ಎಂದರೆ ಇನ್ನು ಯಾವ ಭಾಷೆಯಲ್ಲಿ ಬೈಯುವುದು?

ಮರುದಿನ ಭಾನುವಾರ ಲಾಟು ತೊಳೆಯಲು ನೀರಿನ ಮಷೀನು ತೆಗೆದುಕೊಂಡು ಹೋದ. ಸಹಾಯಕ್ಕೆ ಅಕ್ಷಿತಾ ಬಂದಿದ್ದಳು. ನಾನು ಊಟಕ್ಕೆ ತಂದಿದ್ದ ನಮ್ಮ ಪಾತ್ರೆ ವಾಪಸು ಒಯ್ಯಲು ಹೋದವನು ಅಲ್ಲೇ ಇದ್ದೆ. ಆಗ ಡಾಕ್ಟರರ ಫೋನು ಬಂತು. ಸುಧಾಕರನ ಕೈ ಒದ್ದೆ, ಅಕ್ಷಿತಾ ಸ್ಪೀಕರ್‌ಗೆ ಹಾಕಿ ಹಿಡಿದಳು.

"ಸುಧಾಕರ್, ಅದು ಚಾಕ್ ಅಂತಲ್ರಿ? ಮಳಿ ಬಂದ್ರ ಹೋಗ್ತದ. ಅದರ ಮ್ಯಾಲ ಪೇಂಟ್ ಹಾಕಿಬಿಡ್ರಿ, ಪರ್ಮನೆಂಟ್ ಆಗ್ಲಿ. ಅಂದ್ಹಂಗ ಡಿಸೈನ್ ಯಾರದು? ಶಿವಕಿರಣ್ ಹೇಳಿದ, ಡ್ರೋನ್‌ನಾಗ ನೋಡ್ಕೋತ ಮಾಡ್ಸಿರಬೇಕು ಅಂತ. ಲೇಬರ್ ನಿಮ್ಮದೇನು?"

"ಡ್ರೋನ್ ಇಲ್ಲ ಡಾಕ್ಟರೇ," ಎಂದ ಸುಧಾಕರ. "ಹಗ್ಗ. ನಾನು ಮತ್ತೆ ಜಲಜಾಕ್ಷಿ. ಡಿಸೈನೂ ನಮ್ಮದೇ."

"ಹೆ ಹೆ, ಇರ್ಲಿ ಬಿಡ್ರಿ. ಇವತ್ತು ಪೇಂಟ್ ಮುಗಿಸ್ರಿ, ನಾನೂ ಸಂಜಿಗೆ ಅಕ್ಷಿತಾನ ಲೆಟರ್ ಅಪ್‌ಲೋಡ್ ಮಾಡಿ ಮುಗಿಸ್ತೀನಿ. ಆ ಲೆಟರ್ ಹೆಂಗದ ಅಂತ ಹೇಳಲೇ ಇಲ್ಲಲ್ಲ ನೀವು?"

ಸುಧಾಕರ ಮಗಳ ಮುಖ ನೋಡಿದ. ವ್ಯಾನಿನಲ್ಲಿ ಬಿಳಿ ಪೇಂಟಿನ ಎರಡು ಡಬ್ಬಿ ಇದ್ದವು, ಅವನ ಕಣ್ಣು ಅತ್ತ ಹೋದದ್ದನ್ನು ನಾನು ಕಂಡೆ. ಅವನು ಪೇಂಟ್ ಹಾಕಲು ತಯಾರಾಗಿದ್ದ. ಆ ಹೊಟ್ಟೆಗೆ, ಆ ಬಾಯಿಗೆ, ಮಗಳಿಗಾಗಿ.

"ಅಂಕಲ್," ಎಂದಳು ಅಕ್ಷಿತಾ ಫೋನಿಗೆ, "ಪ್ಲೀಸ್ ಡೋಂಟ್ ಅಪ್‌ಲೋಡ್ ಇಟ್. ಐ ರೆಡ್ ಇಟ್ ಆನ್ ಅಪ್ಪಾಸ್ ಫೋನ್. ಐ ಡೋಂಟ್ ವಾಂಟ್ ಇಟ್." ಅಷ್ಟು ಹೇಳಿ ಫೋನ್ ಇಟ್ಟಳು.

ಸುಧಾಕರ ಸ್ಫೋಟಿಸಿದ. "ಎಂತ ಮಾಡಿದಿ ನೀನು? ತಲೆ ಸರಿ ಉಂಟಾ? ಇನ್ನು ಆರು ದಿನ ಉಂಟು! ಯಾರು ಬರೆದು ಕೊಡ್ತಾರೆ ನಿನಗೆ? ಎರಡು ವಾರ ನಾನು ಬಾಯಿ ಕಟ್ಟಿಕೊಂಡು ಕೂತದ್ದು ಎಂತಕ್ಕೆ?"

"ಯು ವರ್ ಗೋಯಿಂಗ್ ಟು ಪೇಂಟ್ ಹಿಮ್, ಅಪ್ಪಾ! ಫಾರ್ ದಟ್ ಲೆಟರ್!"

"ಹೌದು, ಮಾಡ್ತಿದ್ದೆ! ಮೂರು ಕೋಟ್ ಹಾಕ್ತಿದ್ದೆ!"

"ನನಗೆ ಬೇಡ," ಎಂದಳು. "ಐ ವಿಲ್ ಆಸ್ಕ್ ಮೈ ಕೆಮಿಸ್ಟ್ರಿ ಟೀಚರ್."

"ಅವರು ಡಾಕ್ಟರಾ?"

"ನೋ."

"ಮತ್ತೆ?"

"ಮತ್ತೆ ಏನಿಲ್ಲ."

ಇಬ್ಬರೂ ಒಂದೇ ಬಗೆಯಲ್ಲಿ ಮೂಗು ಅರಳಿಸಿ ನಿಂತಿದ್ದರು. ಅಪ್ಪನ ಕೋಪ ಈಗ ಡಾಕ್ಟರರ ಮೇಲೋ, ಮಗಳ ಮೇಲೋ, ಪೇಂಟಿನ ಡಬ್ಬಿಯತ್ತ ಹೋದ ತನ್ನ ಕಣ್ಣಿನ ಮೇಲೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಫೋನು ಮತ್ತೆ ಹೊಡೆದುಕೊಳ್ಳತೊಡಗಿತು. ಯಾರೂ ಎತ್ತಲಿಲ್ಲ. ಸುಧಾಕರ ಮಷೀನಿನ ಹಗ್ಗ ಎಳೆದು ಚಾಲೂ ಮಾಡಿ, ನೀರಿನ ಕೊಳವೆಯನ್ನು ನೇರ ಚಿತ್ರದ ಬಾಯಿಗೇ ಹಿಡಿದ. ಮೈಕು ಹೋಯಿತು, ಶಾಲು ಹೋಯಿತು. ನೀಲಿ ನೀರು ಚರಂಡಿಯತ್ತ ಹರಿಯಿತು. ಅಕ್ಷಿತಾ ಪೊರಕೆ ಹಿಡಿದು ಹಿಂದೆ ಹಿಂದೆ ಬಂದಳು.

ಅರ್ಧ ಗಂಟೆಯ ಮೇಲೆ ಅವಳು ಪೊರಕೆ ಊರಿ ನಿಂತಳು. "ಅಪ್ಪಾ, ಹೊಟ್ಟೆ ಇನ್ನೂ ಇದೆ."

"ದೊಡ್ಡದುಂಟಲ್ಲ ಅದು," ಎಂದ ಸುಧಾಕರ, ತಿರುಗಿ ನೋಡದೆ. "ಉಜ್ಜು."