ಕಲ್ಲಿಗೆ ಗಡೀಪಾರು

ಪಿರೇಯಸ್ ಬಂದರಿನಲ್ಲಿ ಹಡಗಿನ ಹಗ್ಗ ಹೊಸೆಯುವವನ ಮನೆಯಲ್ಲಿ ಹುಟ್ಟಿದ ಫಿಲಿನ್ನಳಿಗೆ ಅಕ್ಷರ ಓದಲು ಬರುತ್ತಿರಲಿಲ್ಲ, ಹಗ್ಗ ಓದಲು ಬರುತ್ತಿತ್ತು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಸಾಕು, ಯಾವ ಎಳೆ ಒಳಗೊಳಗೇ ಕೊಳೆತಿದೆ, ಯಾವುದು ಇನ್ನೊಂದು ಚಳಿಗಾಲ ತಾಳುತ್ತದೆ ಎಂದು ಹೇಳಿಬಿಡುತ್ತಿದ್ದಳು. ಅಪ್ಪ ಅವಳನ್ನು ಪೆಂತೆಲೆ ಬೆಟ್ಟದ ಕಲ್ಲುಗಣಿಯ ಕೆಲಸಗಾರ ದ್ರೊಮೋನನಿಗೆ ಕೊಟ್ಟ. ತಪ್ಪಲಿನ ಆ ಊರಲ್ಲಿ ಹದಿನೆಂಟು ವರ್ಷ ಬಾರ್ಲಿ ಬೀಸಿದಳು, ಉಣ್ಣೆ ನೂತಳು, ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತು ಒಬ್ಬಳನ್ನು ಮಣ್ಣು ಮಾಡಿದಳು. ಗಂಡ ಮಾತು ಕಡಿಮೆಯವನು. ಸಂಜೆ ಮೈತುಂಬಾ ಬಿಳೀ ಧೂಳು ಮೆತ್ತಿಕೊಂಡು ಬಂದು, ಅವಳು ಬಯ್ಯುವವರೆಗೂ ಹೊಸ್ತಿಲಲ್ಲೇ ನಿಂತು ನಗುತ್ತಿದ್ದ.

ದೇವಸ್ಥಾನಗಳ ಚೆಲುವನ್ನು ಹೊಗಳುವವರು ಆ ಕಲ್ಲು ಬೆಟ್ಟದಿಂದ ಹೇಗೆ ಇಳಿಯಿತು ಎಂದು ಕೇಳುವುದಿಲ್ಲ. ಚಕ್ರವಿಲ್ಲದ ಮರದ ಜಾರುಬಂಡಿಯ ಮೇಲೆ ಕಲ್ಲು. ಹಿಂದೆ ಗೂಟಗಳಿಗೆ ಸುತ್ತಿದ ಹಗ್ಗವನ್ನು ಇಷ್ಟಿಷ್ಟೇ ಸಡಿಲ ಬಿಡುವವರು ನಾಲ್ಕು ಜನ. ಮುಂದೆ ಇಳಿಜಾರಿನಲ್ಲಿ ನಿಂತು ಬೆಣೆ ಕೊಡುವವನು ಒಬ್ಬ. ಆ ಒಬ್ಬ ದ್ರೊಮೋನ್. ಒಂದು ಮಧ್ಯಾಹ್ನ ರೊಟ್ಟಿ, ಈರುಳ್ಳಿ ತೆಗೆದುಕೊಂಡು ಹೋದ ಫಿಲಿನ್ನ ಸುಮ್ಮನಿರಲಾರದೆ ಹಗ್ಗ ಮುಟ್ಟಿ ನೋಡಿದಳು.

"ರೀ, ಇದರೊಳಗೆ ಏನೂ ಉಳಿದಿಲ್ಲ. ನಿಮ್ಮ ಗುತ್ತಿಗೆದಾರರಿಗೆ ಹೇಳಿ."

ಗುತ್ತಿಗೆದಾರ ನೌಸೋನ್ ಅಲ್ಲೇ ಇದ್ದ. ಹೊಟ್ಟೆ ಕುಣಿಸಿ ನಕ್ಕ. "ಹಗ್ಗ ಹೊಸೆಯೋನ ಮಗಳಲ್ವೇನಮ್ಮ ನೀನು? ಅಪ್ಪಂಗೆ ವ್ಯಾಪಾರ ಕುದುರಿಸ್ತಿದೀಯಾ! ನಾಲ್ಕು ಚಳಿಗಾಲ ಕಂಡ ಹಗ್ಗ ಇದು, ಪಳಗಿದೆ."

ಉಳಿದವರೂ ನಕ್ಕರು. ದ್ರೊಮೋನನೂ ನಕ್ಕ. ಫಿಲಿನ್ನಳಿಗೆ ಕೊನೆಯವರೆಗೂ ಚುಚ್ಚಿದ್ದು ಆ ನಗೆ.

ಹನ್ನೊಂದನೆಯ ದಿನ ಹಗ್ಗ ಹರಿಯಿತು. ಬಂಡಿ, ಕಲ್ಲು ಎರಡೂ ದ್ರೊಮೋನನ ಮೇಲೆ ಹಾದು ಹೋದವು. ಹೆಣ ಮನೆಗೆ ಬಂದಾಗ ಅವಳು ಮೊದಲು ಅವನ ಮುಖ ತೊಳೆದಳು, ಆಮೇಲೆ ಬೆಟ್ಟ ಹತ್ತಿದಳು. ಗೂಟಕ್ಕೆ ಸುತ್ತಿಕೊಂಡೇ ಇದ್ದ ಹರಿದ ತುದಿಯನ್ನು ಮೊಳದುದ್ದ ಕತ್ತರಿಸಿ ಮಡಿಲಲ್ಲಿಟ್ಟುಕೊಂಡು ಬಂದಳು. ಎಳೆಗಳು ಒಳಗೆ ಕಪ್ಪಾಗಿ, ಮುಟ್ಟಿದರೆ ಪುಡಿಯಾಗುತ್ತಿದ್ದವು.

ನಮ್ಮ ಅಥೆನ್ಸಿನಲ್ಲಿ ಕೊಲೆಯಾದವನ ಬಂಧು ಸಂತೆ ಚೌಕದಲ್ಲಿ ನಿಂತು ಕೊಂದವನ ಹೆಸರು ಕೂಗಬೇಕು. ಕೂಗಿದ ಹೆಸರಿನ ಮೇಲೇ ವಿಚಾರಣೆ. ಹೆಂಗಸು ಕೂಗುವ ಹಾಗಿಲ್ಲ. ಹಾಗಾಗಿ ಫಿಲಿನ್ನಳ ನಾಲಿಗೆ ಈಗ ಮೈದುನ ಮಿಕಿಯೋನನ ಬಾಯಲ್ಲಿತ್ತು. ಅವನೂ ನೌಸೋನನ ಕೈಕೆಳಗೇ ಕೆಲಸ ಮಾಡುತ್ತಿದ್ದ.

"ನೌಸೋನ್ ಅಂತ ಕೂಗು," ಎಂದಳು. "ಇಷ್ಟೇ ನಾನು ಕೇಳೋದು."

"ಕೂಗಿದ ಮೇಲೆ? ನಾಳೆ ನಂಗೆ ಕೆಲಸ ಯಾರು ಕೊಡ್ತಾರೆ ಅತ್ತಿಗೆ? ನೀನು, ನಿನ್ನ ಮಗಳು ಇನ್ಮೇಲೆ ತಿನ್ನೋದು ನನ್ನ ಮನೇಲೇ ತಾನೆ?"

"ಉಪವಾಸ ಬೇಕಾದ್ರೂ ಬೀಳ್ತೀನಿ. ನಿಮ್ಮಣ್ಣ ಕಣೋ ಅವನು! ನಿನ್ನನ್ನ ಹೆಗಲ ಮೇಲೆ ಹೊತ್ತು ಆಡಿಸಿದೋನು."

ಮಿಕಿಯೋನ್ ನೆಲ ನೋಡಿದ. "ಆಯ್ತು, ಆ ಹಗ್ಗದ ತುಂಡು ಕೊಡು. ತೋರಿಸ್ತೀನಿ."

ಕೊಟ್ಟಳು. ನಂಬಿ ಕೊಟ್ಟಳು.

ಚೌಕದಲ್ಲಿ ಮಿಕಿಯೋನ್ ಗಂಟಲು ಸರಿಮಾಡಿಕೊಂಡು ಕೂಗಿದ: "ನಮ್ಮಣ್ಣನನ್ನ ಕೊಂದಿದ್ದು ಕಲ್ಲು!"

ನಗಬೇಡಿ. ಕಲ್ಲು, ಮರ, ಕಬ್ಬಿಣ ಮನುಷ್ಯನನ್ನು ಕೊಂದರೆ ಅವುಗಳ ವಿಚಾರಣೆಗೂ ನಮ್ಮಲ್ಲಿ ಒಂದು ನ್ಯಾಯಸ್ಥಾನವಿದೆ, ಅಜ್ಜಂದಿರ ಕಾಲದಿಂದ. ಅದರ ಯಜಮಾನನಿಗೆ ಅರಸ ಎಂದು ಹೆಸರು. ಅರಸೊತ್ತಿಗೆ ಏನಿಲ್ಲ, ಚೀಟಿ ಎತ್ತುವ ಹಾಗೆ ಅವರೆಕಾಳು ಎತ್ತಿ ವರ್ಷಕ್ಕೊಬ್ಬನನ್ನು ಆರಿಸುತ್ತಾರೆ. ಆ ವರ್ಷದ ಅರಸ ನಿಷ್ಠಾವಂತ, ಶಾಸ್ತ್ರದಲ್ಲಿ ಒಂದಕ್ಷರ ಬಿಡಲಿಲ್ಲ. ಆರೋಪಿ ತೂಕದವನಾದ್ದರಿಂದ ಹಾಜರಾಗಲಿಲ್ಲ. ಅವನ ಪರ ಯಾರೂ ಮಾತಾಡಲೂ ಇಲ್ಲ.

"ಕಲ್ಲು ತಾನಾಗೇ ಜಾರಿತೋ?" ಎಂದು ಅರಸ ಕೇಳಿದ.

"ತಾನಾಗೇ, ಸ್ವಾಮಿ," ಎಂದ ಮಿಕಿಯೋನ್.

ಬಾಗಿಲಾಚೆ ನಿಂತಿದ್ದ ಫಿಲಿನ್ನ ಕಿರುಚಿದಳು: "ಹಗ್ಗ ತೋರಿಸೋ! ಬಟ್ಟೆ ಮಡಿಕೇಲಿ ಇಟ್ಕೊಂಡಿದೀಯಲ್ಲೋ!"

"ಪಾಪ, ದುಃಖದಲ್ಲಿದಾಳೆ," ಎಂದು ಯಾರೋ ಅವಳನ್ನು ಹಿಂದಕ್ಕೆ ಸರಿಸಿದರು. ಮಿಕಿಯೋನನ ಕೈ ಎದೆಯ ಹತ್ತಿರ ಬಟ್ಟೆಯ ಮಡಿಕೆಗೆ ಹೋಯಿತು. ಅಲ್ಲೇ ನಿಂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗೆ ತೀರ್ಪಾಯಿತು: ಕಲ್ಲು ತಪ್ಪಿತಸ್ಥ. ನಾಡಿನ ಗಡಿ ದಾಟಿಸಿ ಎಸೆಯತಕ್ಕದ್ದು. ನೌಸೋನ್ ಎಲ್ಲರಿಗಿಂತ ಮೊದಲು ತಲೆಬಾಗಿದ. ದುಃಖ ತೋರಿಸುವುದರಲ್ಲಿ ಅವನು ಜಿಪುಣನಲ್ಲ.

ಮೂರನೆಯ ದಿನ ಬೆಟ್ಟದ ಬುಡದಲ್ಲಿ ಕಲ್ಲನ್ನು ಗಾಡಿಗೆ ಏರಿಸಿದರು. ಗಡೀಪಾರು ಮಾಡುವ ಕೆಲಸವನ್ನೂ ನೌಸೋನನೇ ವಹಿಸಿಕೊಂಡಿದ್ದ. ಊರಿಗೆ ಊರೇ ನೋಡಲು ನೆರೆದಿತ್ತು. ಫಿಲಿನ್ನಳೂ ಹೋದಳು, ಯಾಕೆ ಹೋದಳೋ. ಕಲ್ಲಿನ ಒಂದು ಮೂಲೆಯ ಕಲೆಯನ್ನು ಯಾರೂ ತೊಳೆದಿರಲಿಲ್ಲ.

"ಏಯ್, ಆ ಹಳೇದು ಬೇಡ್ರೋ!" ನೌಸೋನ್ ಕೂಗಿದ. "ದಾರಿ ಇಳಿಜಾರು. ಕಲ್ಲು ಜಾರಿ ಎತ್ತಿನ ಕಾಲು ಮುರಿದ್ರೆ ಯಾರು ಹೊಣೆ? ಹೊಸದು ತನ್ನಿ!"

ಹೊಸ ಹಗ್ಗ ಬಂತು. ಫಿಲಿನ್ನ ಹತ್ತಿರ ಹೋಗಿ ಅದರ ಮೇಲೆ ಬೆರಳಾಡಿಸಿದಳು. ಬಿಗಿಯಾದ ಮೂರೆಳೆ, ಇನ್ನೂ ಡಾಂಬರಿನ ವಾಸನೆ. ಅಪ್ಪನೂ ಇದಕ್ಕಿಂತ ಚೆನ್ನಾಗಿ ಹೊಸೆಯುತ್ತಿರಲಿಲ್ಲ. ಗಂಟು ಬಿಗಿಯುತ್ತಿದ್ದವನು ಮಿಕಿಯೋನ್.

"ದೂರ ನಿಲ್ಲು ಅತ್ತಿಗೆ," ಎಂದ, ಅವಳ ಮುಖ ನೋಡದೆ. "ಕಲ್ಲು ಜಾರೀತು."

"ಜಾರಲ್ಲ ಬಿಡು," ಎಂದಳು ಫಿಲಿನ್ನ. "ಹಗ್ಗ ಹೊಸದು."