ಗೌಡರ ದೋಣಿಗೆ ಹಚ್ಚಿದ ಬಟ್ಟೆ ಸೋಪು

ಸೋರುವ ಪೆಟ್ರೋಲ್ ಟ್ಯಾಂಕಿಗೆ ಬಟ್ಟೆ ಸೋಪು ತಿಕ್ಕಿದರೆ ಸೋರಿಕೆ ನಿಲ್ಲುತ್ತದೆ. ಪೆಟ್ರೋಲಿಗೆ ಸೋಪು ಕರಗುವುದಿಲ್ಲ. ಅರವತ್ತರ ದಶಕದಲ್ಲಿ ಈ ಒಂದು ವಿದ್ಯೆಯ ಮೇಲೆ ನಾನು ಕಳಿಸಿದ ಲಾರಿಗಳು ಕನಕಪುರ ಮುಟ್ಟಿ ವಾಪಸ್ ಬಂದಿವೆ. ಜಯನಗರದ ನಮ್ಮ ಲಾರಿ ರಿಪೇರಿ ಶೆಡ್ಡಿನಲ್ಲಿ ನನ್ನಷ್ಟು ಚುರುಕು ಕೈ ಇನ್ನೊಂದಿರಲಿಲ್ಲ. ಇದನ್ನು ನಾನೇ ಹೇಳಬೇಕು, ನಮ್ಮ ಮೇಸ್ತ್ರಿ ಯಾವತ್ತೂ ಹೇಳಲಿಲ್ಲ. ಅವರು ಹೊಗಳುತ್ತಿದ್ದದ್ದು ನನ್ನ ಜೊತೆಗಾರನನ್ನು. "ಇವ್ನು ಕೂರ್ಸಿದ ಜಾಯಿಂಟು ಸೋರಲ್ಲ ಕಣ್ರೋ," ಎನ್ನುತ್ತಿದ್ದರು. ಮನೆ ಮಠ ಇಲ್ಲದ ಅವನಿಗೆ ಇದ್ದ ಆಸ್ತಿ ಆ ಒಂದು ಮಾತು.

ಹೊಸಕೆರೆಹಳ್ಳಿಯ ಗೌಡರೊಬ್ಬರು ಮಿಲಿಟರಿ ಹರಾಜಿನಲ್ಲಿ ಹಳೇ ಮೋಟಾರು ದೋಣಿ ಕೊಂಡಿದ್ದರು. ಯುಗಾದಿಯ ಮಾರನೇ ದಿನ, ವರ್ಷತೊಡಕಿನ ಬಾಡೂಟಕ್ಕೆ ಬರುವ ಅಳಿಯನನ್ನು ಅದರಲ್ಲಿ ಕೂರಿಸಿಕೊಂಡು ಕೆರೆ ಸುತ್ತಿಸಬೇಕೆಂಬುದು ಅವರ ಆಸೆ. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೈಪೆಲ್ಲ ಹಸಿರುಗಟ್ಟಿ ಬಿರುಕು ಬಿಟ್ಟಿತ್ತು. ಮೇಸ್ತ್ರಿ ಕೆಲಸವನ್ನು ಜೊತೆಗಾರನಿಗೆ ಒಪ್ಪಿಸಿ, ನನ್ನನ್ನು ಅವನ ಕೈಕೆಳಗೆ ಹಾಕಿದರು. ನನ್ನನ್ನು!

ಕೆರೆಯಂಚಿನಲ್ಲಿ ಕೂತು ಅವನು ಹೊಸ ತಾಮ್ರದ ಪೈಪು ಬಗ್ಗಿಸಿದ, ತುದಿ ಅರಳಿಸಿದ, ಒಂದೊಂದೇ ನಟ್ಟು ಬಿಗಿದ. ವರ್ಷತೊಡಕಿನ ಬೆಳಿಗ್ಗೆ ಉಳಿದದ್ದು ಟ್ಯಾಂಕಿನ ಅಡಿಯ ಒಂದೇ ಹಿತ್ತಾಳೆ ನಟ್ಟು. ಅದರ ಥ್ರೆಡ್ಡು ಸವೆದುಹೋಗಿತ್ತು.

"ಇದು ಹಿಡಿಯಲ್ಲ. ಸಿಟಿ ಮಾರ್ಕೆಟ್ಟಿಂದ ಹೊಸದು ತರ್ತೀನಿ," ಎಂದ.

"ಹಬ್ಬದ ಮಾರ್ನೇ ದಿನ ಯಾವನೋ ಅಂಗಡಿ ತೆಗ್ದಿರ್ತಾನೆ?"

"ಗುಜರಿ ಅಂಗ್ಡಿ ತೆಗ್ದಿರುತ್ತೆ. ನಾನ್ ಬರೋವರ್ಗೂ ಇದನ್ನ ಮುಟ್ಬೇಡ."

"ಹೋಗಪ್ಪಾ ಹೋಗು, ನಟ್ಟಿಗೆ ಒಳ್ಳೇ ಮುಹೂರ್ತ ನೋಡ್ಕೊಂಡು ಬಾ," ಎಂದೆ.

ಅವನ ಸೈಕಲ್ಲು ಮರೆಯಾದದ್ದೇ ತಡ, ಹಳೇ ನಟ್ಟನ್ನೇ ಬಿಗಿದು, ಸುತ್ತ ಸೋಪು ಮೆತ್ತಿ, ಟ್ಯಾಂಕು ತುಂಬಿಸಿದೆ. ಒಂದು ಹನಿ ಇಲ್ಲ. ಉಳಿದ ಸೋಪಿನ ತುಂಡನ್ನು ಚಡ್ಡಿ ಜೇಬಿಗೆ ಹಾಕಿಕೊಂಡೆ. ಅಷ್ಟು ದೂರ ಸೈಕಲ್ ತುಳಿದು ಬಂದವನ ಮುಂದೆ ಎಂಜಿನ್ ಶುರು ಮಾಡಿ, ಅವನ ಮುಖ ನೋಡಿ ನಗಬೇಕೆಂದಿದ್ದೆ. ಅಷ್ಟೇ.

ಆದರೆ ಮೊದಲು ಬಂದವರು ಗೌಡರು, ಊಟ ಮುಗಿಸಿ, ಅಳಿಯನ ಜೊತೆ.

"ಏನಯ್ಯಾ, ಆಯ್ತಾ?"

"ಆಗ್ದೇ ಇರುತ್ತಾ ಗೌಡ್ರೇ? ಹತ್ತಿ, ಮೈಸೂರ್ಗೇ ಹೋಗ್ಬರ್ಬೋದು!"

ಎಂಜಿನ್ ಶುರು ಮಾಡಿಕೊಟ್ಟು ನಾನು ದಡದಲ್ಲೇ ನಿಂತೆ. ದೋಣಿ ಕೆರೆಯ ನಡುವಿಗೆ ಹೋಯಿತು. ಹಲಗೆ ಸಂದಿಯಿಂದ ನೀರು ಜಿನುಗಿ ಟ್ಯಾಂಕಿನ ಅಡಿಗೆ ಬಂದು ನಿಲ್ಲುತ್ತಿತ್ತು. ಪೆಟ್ರೋಲಿಗೆ ಕರಗದ ಸೋಪು ನೀರಿಗೆ ಕರಗುತ್ತದೆಂದು ಬಟ್ಟೆ ಒಗೆಯುವ ಯಾರಿಗಾದರೂ ಗೊತ್ತು. ಲಾರಿ ಬಿಟ್ಟು ಬೇರೆ ಕಾಣದ ನನಗೆ ಹೊಳೆಯಲಿಲ್ಲ.

ಸೋಪು ಕರಗಿ, ಪೆಟ್ರೋಲ್ ಬಿಸಿ ಎಂಜಿನ್ನಿಗೆ ಹರಿದು ಭಗ್ ಎಂದಿತು. ಮಾವ ಅಳಿಯ ಇಬ್ಬರೂ ಹಾರಿದರು. ಬೇಸಿಗೆಯ ಕೆರೆ, ಸೊಂಟಮಟ್ಟದ ನೀರು. ನಾನೂ ಇಳಿದು ಅಳಿಯನನ್ನು ಎಳೆದು ತಂದೆ. ಗೌಡರು ದಡಕ್ಕೆ ಬಂದರು, ಅವರ ಪಂಚೆ ಬರಲಿಲ್ಲ.

ಬಾಡೂಟಕ್ಕೆ ಬಂದಿದ್ದ ಮೇಸ್ತ್ರಿ ದಡದಲ್ಲಿ ನಿಂತು ಉರಿಯುವ ದೋಣಿಯನ್ನೇ ನೋಡುತ್ತಿದ್ದರು. ಆಗಷ್ಟೇ ಸೈಕಲ್ ಇಳಿದಿದ್ದ ಜೊತೆಗಾರ ಅವರ ಹಿಂದೆ ನಿಂತಿದ್ದ. ಅವನ ಕೈಯಲ್ಲಿ ಕಾಗದ ಸುತ್ತಿದ ಹೊಸ ನಟ್ಟು, ಕಣ್ಣು ನನ್ನ ಚಡ್ಡಿಯ ಮೇಲೆ. ಒದ್ದೆ ಜೇಬಿನಿಂದ ಬಿಳಿ ನೊರೆ ತೊಡೆಯಗುಂಟ ಇಳಿಯುತ್ತಿತ್ತು.

"ದಿನಾ ಬಾಯಿ ಮುಚ್ಚಲ್ವಲ್ಲೋ ನೀನು," ಎಂದ ಮೆಲ್ಲಗೆ. "ಇವತ್ತೊಂದ್ ಮಾತಾಡು."

ನಾನು ಅಂಗೈಯಿಂದ ಜೇಬು ಮುಚ್ಚಿಕೊಂಡೆ.

ಆ ನಟ್ಟನ್ನು ಮೇಸ್ತ್ರಿಗೆ ತೋರಿಸಿದ್ದರೆ ಸಾಕಿತ್ತು. ಅವನು ತೋರಿಸಲಿಲ್ಲ, ನಾನೇ ಹೇಳಲಿ ಎಂದು ಕಾದ. ಮೇಸ್ತ್ರಿ ತಿರುಗಿ ಅವನನ್ನು ನೋಡಿ, "ನಿನ್ನ ಜಾಯಿಂಟು ಸೋರಲ್ಲ ಅಂತ ಊರಿಗೆಲ್ಲಾ ಹೇಳ್ಕೊಂಡ್ ಬಂದ್ನಲ್ಲೋ... ನಾಳೆಯಿಂದ ಬರ್ಬೇಡ," ಎಂದರು. ಅವನು ನಟ್ಟನ್ನು ನನ್ನ ಕೈಗಿಟ್ಟು ಸೈಕಲ್ ಹತ್ತಿದ.

ಸೋಪಿನ ಮಾತೊಂದು ಬಿಟ್ಟು ಈ ಕಥೆಯನ್ನು ಮದುವೆ ಮನೆಗಳಲ್ಲಿ ಎಷ್ಟು ಸಲ ಹೇಳಿದ್ದೇನೋ. ಗೌಡರು ಪಂಚೆ ಹುಡುಕುವ ಭಾಗಕ್ಕೆ ಜನ ಬಿದ್ದು ಬಿದ್ದು ನಗುತ್ತಾರೆ. ನನ್ನಂತೆ ಹೇಳುವವರು ಬೇರೆ ಇಲ್ಲ. ಪೈಪು ಹಾಕಿದ್ದು ಯಾರು ಎಂದು ಯಾರಾದರೂ ಕೇಳಿದರೆ, ಅವನ ಹೆಸರನ್ನೇ ಹೇಳುತ್ತೇನೆ.