ತಾವೇ ಬರೆದ ಕಾನೂನಿಗೆ ತೀರ್ಪು ಕೊಟ್ಟವರು

ಜಪಾನಿನ ಫುನಾಬೊರಿಯ ನಮ್ಮ ಕಟ್ಟಡದಲ್ಲಿ, ಒಂದು ಮಹಡಿ ಕೆಳಗೆ, ಅಮೆರಿಕದ ಹಿರಿಯರೊಬ್ಬರು ತಮ್ಮ ಮಗಳು ಮತ್ತು ಜಪಾನೀ ಅಳಿಯನ ಜೊತೆ ಇದ್ದರು. ಲಿಫ್ಟಿನಲ್ಲಿ ಸಿಕ್ಕಿದರೆ ನಗುತ್ತಿದ್ದರು, ಅಷ್ಟೇ ಪರಿಚಯ. ನಾಲ್ಕನೇ ತರಗತಿಯ ನನ್ನ ಮಗಳಿಗೆ ಶಾಲೆಯಲ್ಲಿ, ಹಿರಿಯರೊಬ್ಬರ ಕೆಲಸದ ಬಗ್ಗೆ ಕೇಳಿಕೊಂಡು ಬಂದು ತರಗತಿಗೆ ಹೇಳಬೇಕು ಎಂದಿದ್ದರು. ಅವಳು ನನಗೆ ಹೇಳದೆಯೇ ಹೋಗಿ ಅವರ ಬಾಗಿಲು ತಟ್ಟಿ ಬಂದಿದ್ದಳು.

ಭಾನುವಾರ ಅವರು ಬಂದರು. ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿಂದರು. ತಮ್ಮ ರಾಜ್ಯದ ಶಾಸನಸಭೆಗೆ ಮೊದಲ ಸಲ ನಿಂತಾಗ ಸೋತರಂತೆ. ಎರಡನೇ ಸಲ ಮನೆಮನೆಗೂ ನಡೆದು ಗೆದ್ದರು. ಬಹಳ ವರ್ಷ ಶಾಸಕರಾಗಿದ್ದು ಆಮೇಲೆ ನ್ಯಾಯಾಧೀಶರಾದರು.

ಮಗಳು ನೋಟ್‌ಬುಕ್ಕಿನಿಂದ ತಲೆಯೆತ್ತಿ, ಯಾವತ್ತಾದರೂ ತಪ್ಪು ಮಾಡಿದ್ದೀರಾ ಎಂದು ಇಂಗ್ಲಿಷಿನಲ್ಲಿ ಕೇಳಿಬಿಟ್ಟಳು. ನನಗೆ ಮುಜುಗರ. ಅವರಿಗೆ ಮಾತ್ರ ಈ ಪ್ರಶ್ನೆಯಿಂದ ಖುಷಿಯೋ ಖುಷಿ.

ಪರವಾನಗಿ ಇಲ್ಲದೆ ರಸ್ತೆಬದಿಯಲ್ಲಿ ಏನನ್ನೂ ಮಾರಬಾರದು ಎಂಬ ಕಾನೂನನ್ನು ಶಾಸಕರಾಗಿದ್ದಾಗ ಅವರೇ ಬರೆದಿದ್ದರು. ಬರೆದು ಮರೆತೂ ಬಿಟ್ಟಿದ್ದರು. ವರ್ಷಗಳ ನಂತರ ಅವರ ಕೋರ್ಟಿಗೇ ಒಬ್ಬ ಮುದುಕಿಯ ಕೇಸು ಬಂತು. ತನ್ನ ಅಂಗಳದಲ್ಲಿ ಬೆಳೆದ ಕುಂಬಳಕಾಯಿಯನ್ನು ಗೇಟಿನ ಒಳಗೇ ಮೇಜಿನ ಮೇಲಿಟ್ಟು ಮಾರಿದ್ದೇ ಆಕೆಯ ಅಪರಾಧ. ರಸ್ತೆಬದಿ ಎಂದರೆ ಎಲ್ಲಿಯವರೆಗೆ ಎಂಬುದು ಕಾನೂನಿನಲ್ಲಿ ಇರಲೇ ಇಲ್ಲ. ಇಂಥ ಅರೆಬರೆ ವಾಕ್ಯ ಬರೆದವರು ಯಾರು ಎಂದು ಇವರು ರೇಗಿದರು. ಸರ್ಕಾರಿ ವಕೀಲರು ತಗ್ಗಿದ ದನಿಯಲ್ಲಿ, "ತಾವೇ ಸ್ವಾಮಿ" ಎಂದರಂತೆ.

ಮೊದಲು ನಕ್ಕವಳು ಮುದುಕಿ. ಆಮೇಲೆ ಇಡೀ ಕೋರ್ಟು. ತಪ್ಪು ಕಾನೂನು ಬರೆದವನದು, ಆಕೆಯದಲ್ಲ ಎಂದು ತೀರ್ಪಿನಲ್ಲಿ ಬರೆದು ಆಕೆಯನ್ನು ಬಿಟ್ಟು ಕಳಿಸಿದರು.

ಅವಮಾನ ಅನ್ನಿಸಲಿಲ್ಲವೇ ಎಂದು ಕೇಳಿದೆ.

"ಮನೆಗೆ ಹೋಗಿ ಹೆಂಡತಿಗೆ ಹೇಳ್ದೆ. ಊಟ ಮುಗಿಯೋವರೆಗೂ ಅವಳು ನಗ್ತಾನೇ ಇದ್ಲು. ಅವಳು ಹಾಗೆ ನಕ್ಕಿದ್ದನ್ನ ನಾನು ಅದುವರೆಗೂ ನೋಡಿರ್ಲಿಲ್ಲ" ಎಂದರು.

ಮಗಳು ತರಗತಿಯಲ್ಲಿ ಇದನ್ನೆಲ್ಲ ಜಪಾನೀ ಭಾಷೆಯಲ್ಲಿ ಹೇಳಿದ ದಿನ ಟೀಚರ್ ಆ ಹಿರಿಯರನ್ನೂ ಕರೆಸಿದ್ದರು. ಪುಟ್ಟ ಕುರ್ಚಿಯಲ್ಲಿ ಮಂಡಿ ಮಡಚಿ ಕೂತಿದ್ದರು. ಮಕ್ಕಳು ನಕ್ಕಾಗ ಭಾಷೆ ಬಾರದಿದ್ದರೂ ತಾವೂ ನಕ್ಕರು.

ಸಂಜೆ ನನ್ನ ಗಂಡ ಶಿನಾಗಾವಾದ ಆಫೀಸಿನಿಂದ ಬಂದು ಶೂ ಬಿಚ್ಚುವ ಮೊದಲೇ ಮಗಳು ಅಡ್ಡ ನಿಂತಳು. "ಅಪ್ಪಾ, ಸ್ಟೋರಿ ಹೇಳ್ತೀನಿ, ಕನ್ನಡದಲ್ಲೇ" ಎಂದಳು. ನಾವು ಕನ್ನಡದಲ್ಲಿ ಏನು ಕೇಳಿದರೂ ಜಪಾನೀ ಭಾಷೆಯಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ. ಕುಂಬಳಕಾಯಿಗೆ ಮಾತ್ರ ಪದ ಸಿಗದೆ 'ಕಬೋಚಾ' ಎಂದಳು. ನಾವಿಬ್ಬರೂ ತಿದ್ದಲು ಹೋಗಲಿಲ್ಲ.